ಬೇಲಿಯಾಚೆಯ ಲಕ್ಕಿ ಸೊಪ್ಪು

ಚೆಂಡಿಯಾ ಊರಿನ ಮನೆ ಬಿಡುವಾಗ ಬಾಗಿಲ ದಾರಂದ ಕಿತ್ತು ತಂದೆವು, ಒರಳುಕಲ್ಲು ಹೊತ್ತು ತಂದೆವು, ತುಳಸಿಯನ್ನು ಮಣ್ಣು ಸಮೇತ ತಂದೆವು. ನೌಕಾನೆಲೆಗೆ ಹೋದ ಜಾಗದಲ್ಲಿ ಒಂದು ಮುರುಕು ಹಂಚನ್ನೂ ಬಿಡಬಾರದೆಂಬ ಹಟ ಅಮ್ಮನದು. ಹಳ್ಳದ ದಂಡೆಯ ಲಕ್ಕಿ ಗಿಡದ ಒಂದು ಟೊಂಗೆ ತರಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಿತ್ತಲ ಗಿಡವೇ ಮದ್ದಲ್ಲ ಅನ್ನುವವರು ನಾವು. ಇದು ಹಳ್ಳದ ಗಿಡ, ಕೇಳುವವರು ಯಾರು?

ಆ ಸೊಪ್ಪಿಲ್ಲದೆ ಅಮ್ಮ ಹಾಲು ಕರೆದದ್ದೇ ಇಲ್ಲ. ಸೊಪ್ಪನ್ನು ಅರಿಶಿನದ ಜೊತೆ ಕುದಿಸಿ ಆರಿಸುವಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಕೆಚ್ಚಲು ತೊಳೆದು, ಹಳೇ ಸೀರೆಯ ತುಂಡಿನಿಂದ ಒರೆಸುವಳು. ಆಕಳು ಕಾಲು ಎತ್ತಿದರೆ, "ನಿಲ್ಲೇ ನನ್ನವ್ವ, ಆಯ್ತು, ಆಯ್ತು" ಅನ್ನುವಳು. ಕರೆದ ಮೇಲೆ ತೆಗೆದಿಟ್ಟ ನೀರಿನಿಂದ ಮೊಲೆಗಳನ್ನು ಇನ್ನೊಮ್ಮೆ ತೊಳೆದು, ಅದು ಕೂಡಲೇ ಮಲಗದಂತೆ ಮುಂದೆ ಹುಲ್ಲು ಹಾಕುವಳು. ನಮ್ಮನ್ನು ಅಷ್ಟು ನಾಜೂಕಾಗಿ ತೊಳೆದದ್ದು ನನಗೆ ನೆನಪಿಲ್ಲ.

ಹೊಸ ಕಾಲನಿಯಲ್ಲಿ ರಸ್ತೆ ನೇರವಾಗಿತ್ತು. ದನ ರಸ್ತೆ ತಿನ್ನುತ್ತದೆಯೇ? ಹಳ್ಳವಿಲ್ಲ, ಸೊಪ್ಪಿಲ್ಲ, ಕೊಟ್ಟಿಗೆಯ ನೆಲ ಒಣಗುವುದಿಲ್ಲ. ಅಮ್ಮ ಬರೀ ನೀರಿನಲ್ಲಿ ತೊಳೆಯತೊಡಗಿದಳು. ಮಳೆಗಾಲದಲ್ಲಿ ಆಕಳ ಕೆಚ್ಚಲು ಬಾತು ಕಲ್ಲಾಯಿತು. ಹಾಲಿನಲ್ಲಿ ರಕ್ತ ಬಂತು.

ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. "ಒದ್ದೆ ನೆಲ ಅಮ್ಮಾ, ಅದಕ್ಕೇ ಹೀಗಾಗಿದ್ದು" ಅಂದರು. ಅಮ್ಮನಿಗೆ ಅದು ಕೇಳಿಸಲಿಲ್ಲ. ನನ್ನನ್ನು ಕರೆದುಕೊಂಡು ನಮ್ಮ ಹಳೆಯ ಊರಿನ ಬೇಲಿಗೆ ಹೋದಳು. ತಂತಿಯ ಆಚೆ ಲಕ್ಕಿ ಆಳೆತ್ತರ ಬೆಳೆದಿತ್ತು. ಕಾವಲಿನವನಿಗೆ ಕನ್ನಡ ಬಾರದು. ನಾನು ಶಾಲೆಯ ಹಿಂದಿಯಲ್ಲಿ ಕೇಳಿದೆ. ಒಳಗೆ ಬಿಡಲಾರೆ ಅಂದವನು, ಅಮ್ಮನ ಮುಖ ನೋಡಿ ತಾನೇ ಒಂದು ಹೊರೆಯಷ್ಟು ಟೊಂಗೆ ಮುರಿದು ಬೇಲಿಯ ಮೇಲಿಂದ ಕೊಟ್ಟ. ಅವನ ಮಕ್ಕಳು ಚೆನ್ನಾಗಿರಲಿ.

ಆದರೆ ಹೊತ್ತು ಮೀರಿತ್ತು. ಸೊಪ್ಪಿನ ನೀರಿಗೂ ಸೂಜಿಗೂ ಜ್ವರ ಇಳಿಯಲಿಲ್ಲ. ಆಕಳು ಅಮ್ಮನ ಕೈ ಮೂಸುತ್ತಲೇ ಸತ್ತಿತು.

"ಒಂದು ಟೊಂಗೆ ತಂದಿದ್ರೆ ಆಗ್ತಿತ್ತಲ್ಲೇ" ಅಂದಳು ಅಮ್ಮ.

"ಕಳೆ ಗಿಡ ಯಾರಾದ್ರೂ ಹೊತ್ಕಂಡು ಬರ್ತ್ರನೇ ಅಮ್ಮಾ?" ಅಂದೆ. ಅವಳು ಉಳಿದ ಟೊಂಗೆಗಳನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದಳು. ಎಲ್ಲವೂ ಚಿಗುರಿದವು. ನನಗೆ ಆ ಚಿಗುರು ನೋಡಿ ಸಿಟ್ಟೇ ಬಂತು.

ಅಮ್ಮ ಮತ್ತೆ ಆಕಳು ಕಟ್ಟಲಿಲ್ಲ. ಕೇಳಿ ಬಂದವರ ದನಗಳಿಗೆ ಸೊಪ್ಪು ಕೊಯ್ದು ಕೊಡುವಳು. ಅವರ ಕೊಟ್ಟಿಗೆಗೆ ಮಾತ್ರ ಕಾಲಿಡಳು. ಆಕಳ ಸುದ್ದಿಯನ್ನೂ ಎತ್ತುತ್ತಿರಲಿಲ್ಲ.

ಅಂಕೋಲೆಯ ಕೇಣಿ ಊರಿಗೆ ಮದುವೆಯಾಗಿ ಹೋಗಿದ್ದ ನಾನು ಚೊಚ್ಚಲ ಬಾಣಂತನಕ್ಕೆ ಅಮ್ಮನಲ್ಲಿಗೆ ಬಂದೆ. ಬಾಣಂತಿಯ ಮೀಯುವ ನೀರಿಗೆ ಲಕ್ಕಿ ಸೊಪ್ಪು ಹಾಕುವುದು ನಮ್ಮಲ್ಲಿ ರೂಢಿ. ಅಮ್ಮ ನೀರು ಕುದಿಸಿ ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. ಹಾಲು ಕಟ್ಟಿ ನನ್ನ ಎದೆ ನೋಯುತ್ತಿತ್ತು. ಬಟ್ಟೆ ಅದ್ದಿ ಅವಳು ಮೆಲ್ಲಗೆ ಒತ್ತಿದಾಗ ನಾನು ಹಿಂದೆ ಸರಿದೆ.

"ನಿಲ್ಲೇ ನನ್ನವ್ವ, ಆಯ್ತು, ಆಯ್ತು" ಅಂದಳು.

ಅಂದವಳ ಕೈ ಅಲ್ಲೇ ನಿಂತಿತು. ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಹೊಗೆ ಕಣ್ಣಿಗೆ ಹೋಯಿತೆಂದು ಹೊರಗೆ ಹೋದಳು. ಒಲೆ ಆರಿ ಬಹಳ ಹೊತ್ತಾಗಿತ್ತು.