ಅತ್ತಿಗೆಯ ಸೊಂಟನೋವು

ನಿನ್ನೆ ಮಂಡ್ಯದಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಮೈಯಿಂದ ನೋವಿನ ಮುಲಾಮಿನ ಘಾಟು ಬರುತ್ತಿತ್ತು. ಹಿಂದಿನವರು ಮೂಗು ಮುಚ್ಚಿಕೊಂಡು ಕಿಟಕಿ ಸರಿಸಿದರು. ನನಗೆ ಮಾತ್ರ ಸಾಕಮ್ಮ ಅತ್ತಿಗೆಯ ನೆನಪಾಗಿ ನಗು ಬಂತು.

ಐದಾರು ವರ್ಷದ ಹಿಂದೆ ಬೆಸಗರಹಳ್ಳಿಯ ಅಣ್ಣನ ಮನೆಗೆ ಹೋದರೆ ಈ ಘಾಟು ಬಾಗಿಲಲ್ಲೇ ಎದುರಾಗುತ್ತಿತ್ತು. ಅತ್ತಿಗೆಗೆ ಸೊಂಟನೋವು. ಐವತ್ತೆರಡು ದಾಟಿದ್ದರೂ ಹಸಿಹುಲ್ಲಿನ ಹೊರೆಯನ್ನು ಯಾರ ಕೈಯನ್ನೂ ಕಾಯದೆ ತಲೆಗೇರಿಸಿಕೊಳ್ಳುವ ಗಟ್ಟಿ ಹೆಂಗಸು. ಸೋಜಿಗವೆಂದರೆ, ಈ ನೋವು ಹಗಲಿಡೀ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವಾಗ ಬರುತ್ತಿರಲಿಲ್ಲ. ಮುದ್ದೆ ತಿರುವಿ, ಪಾತ್ರೆ ತೊಳೆದು, ಇನ್ನೇನು ಮಲಗಬೇಕು ಅನ್ನುವಾಗ ಸರಿಯಾಗಿ ಬರುತ್ತಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ನೋವಿನ ಈ ಸಮಯಪಾಲನೆ ವಿಚಿತ್ರವೆನಿಸಬೇಕಿತ್ತು. ಎನಿಸಲಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಸಂತಾನೋತ್ಪತ್ತಿಯ ಪಾಠ ಬಂದಾಗ ನಾನು ದಾಸವಾಳದ ಹೂವಿನ ಮೇಲೆ ನಾಲ್ಕು ದಿನ ಕಳೆದು, ಮನುಷ್ಯರ ಭಾಗ ಬಂದೊಡನೆ “ಮನೇಲಿ ಓದ್ಕೊಳ್ಳಿ” ಎಂದು ಪುಸ್ತಕ ಮುಚ್ಚುತ್ತಿದ್ದವಳು. ದಾಸವಾಳದ ದಾಂಪತ್ಯ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಾರದು.

ಆದರೂ ಓದಿದವಳಲ್ಲವೇ, ಅತ್ತಿಗೆಯ ಚಿಕಿತ್ಸೆಯ ಯಜಮಾನಿಕೆ ನನ್ನದೇ ಆಯಿತು. ಮಂಡ್ಯದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿದೆ. ಮೂಳೆ ಚೊಕ್ಕವಾಗಿತ್ತು, ಆದರೂ ಒಂದು ಬೆಲ್ಟು ಬಂತು. ಬೆಳಕವಾಡಿಯಲ್ಲಿದ್ದ ಅತ್ತಿಗೆಯ ತಂಗಿ ಯಾವುದೋ ಎಣ್ಣೆ ಕಳಿಸಿದಳು. ಎಣ್ಣೆ ಸವರಿ, ಮುಲಾಮು ತಿಕ್ಕಿ, ಮೇಲೆ ಬೆಲ್ಟು ಬಿಗಿದುಕೊಂಡು ಮಲಗಿದ ಹೆಂಡತಿಯ ಹತ್ತಿರ ಯಾವ ಗಂಡ ತಾನೇ ಸುಳಿದಾನು? ಅವಳಿಗೆ ಬೇಕಾಗಿದ್ದದ್ದೂ ಅದೇ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ಅಣ್ಣ ತನ್ನ ಮಂಚವನ್ನು ಪಡಸಾಲೆಗೆ ಸಾಗಿಸಿದ್ದ. ಗಂಡಹೆಂಡಿರ ಮಾತು ಊಟದ ಹೊತ್ತಿನ “ಇಟ್ಟಿಕ್ಕು”, “ಇಕ್ಕಿವ್ನಿ” ಎನ್ನುವಷ್ಟಕ್ಕೆ ಇಳಿದಿತ್ತು. ಅದೇ ಕಾಲದಲ್ಲಿ ಅವನು ಹಲ್ಲುಸೆಟ್ಟು ಕಟ್ಟಿಸಿಕೊಂಡ, ಮೀಸೆಗೆ ಕಪ್ಪು ಬಳಿದುಕೊಂಡ. ಮುದುಕನಾಗುವ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದು ನಾವೆಲ್ಲ ನಕ್ಕೆವು. ಅತ್ತಿಗೆ ನಗಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಮದ್ದೂರಿನ ನಮ್ಮ ಮನೆಗೆ ಬಂದಿದ್ದಳು. ಬಚ್ಚಲಿನಿಂದ ಹೊರಬಂದಾಗ ಕಣ್ಣಲ್ಲಿ ನೀರಿತ್ತು.

“ಉರಿ ತಡಿಯಕ್ಕಾಗಕಿಲ್ಲ ಕಣವ್ವ.”

“ಉಚ್ಚೆ ಉರಿಯಾ?”

“ಅದೂವೆ. ಇನ್ನೊಂದೂ ಅದೆ, ನಿಂಗೆ ಎಂಗೇಳ್ಲಿ?” ಸೆರಗನ್ನು ಸುರುಳಿ ಸುತ್ತುತ್ತಾ ಕೂತಳು. “ಮುಟ್ಟು ನಿಂತಾಗ್ನಿಂದ, ನಿಮ್ಮಣ್ಣ ಅತ್ರ ಬಂದ್ರೆ ಚಾಕು ಆಕ್ದಂಗಾಯ್ತದೆ. ಬ್ಯಾಡ ಅಂದ್ರೆ ಕ್ವಾಪ. ಸೊಂಟನೋವು ಅಂದ್ರೆ ಸುಮ್ಕಾಯ್ತಿದ್ರು. ಅದ್ಕೇ ಅಂಗಂದೆ.”

“ಎರಡು ವರ್ಷ ನನಗ್ಯಾಕೆ ಹೇಳಲಿಲ್ಲ ಅತ್ತಿಗೆ?”

“ನೀನು ಎಕ್ಸರೇ ತಗ್ಸದ್ರಲ್ಲೇ ಇದ್ದೆ ಬುಡು.”

ಮಾರನೆಯ ದಿನವೇ ಮಂಡ್ಯದ ಹೆಂಗಸರ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿದರು. ಗುಟ್ಟು ಗುಟ್ಟಾಗಿರಲಿ ಎಂಬ ಒಳ್ಳೆಯ ಉದ್ದೇಶ. ಆದರೆ ನಡುವೆ ಇದ್ದದ್ದು ಒಂದು ಪರದೆ, ಅತ್ತಿಗೆಯದೋ ಗದ್ದೆಯ ಆ ಬದುವಿನಿಂದ ಈ ಬದುವಿಗೆ ಕೂಗಿ ಅಭ್ಯಾಸವಾದ ಗಂಟಲು. “ಅಲ್ಲೆಲ್ಲಾ ಒಣಗೋಗದೆ ಕಣವ್ವ!” ಎಂಬ ಮಾತು ಬೆಂಚಿನ ಮೇಲಿದ್ದ ಎಂಟೂ ಹೆಂಗಸರಿಗೆ ಮುಟ್ಟಿತು. ನಾನು ತಲೆ ತಗ್ಗಿಸಿದೆ. ಕಣ್ಣೆತ್ತಿ ನೋಡಿದರೆ ಒಬ್ಬರೂ ನಗುತ್ತಿರಲಿಲ್ಲ. ಎಲ್ಲರೂ ಪರದೆಯ ಕಡೆ ಕಿವಿ ಕೊಟ್ಟಿದ್ದರು.

ಪರದೆಯಾಚೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೂತ್ರ ತಪಾಸಣೆಗೆ ಬರೆದು, ನಿಧಾನವಾಗಿ ವಿವರಿಸಿದರು. ಮುಟ್ಟು ನಿಂತ ಮೇಲೆ ಆ ಜಾಗದ ಚರ್ಮ ತೆಳುವಾಗಿ ಒಣಗುವುದುಂಟು, ಅದರಿಂದಲೇ ಉರಿ, ಅದರಿಂದಲೇ ನೋವು. ಬಹಳ ಹೆಂಗಸರಿಗೆ ಆಗುತ್ತದೆ, ಇದಕ್ಕೆ ಔಷಧಿ ಇದೆ. ಒಳಗೆ ಹಚ್ಚಲು ಒಂದು ಮುಲಾಮು, ಕೂಡುವಾಗ ಬಳಸಲು ಒಂದು ಜೆಲ್ಲು. ನೋವಿದ್ದರೆ ಬಲವಂತ ಬೇಡ. ರಕ್ತ ಕಂಡರೆ ಮಾತ್ರ ತಡ ಮಾಡದೆ ಬರಬೇಕು.

“ಮುಂದಿನ ಸಲ ಯಜಮಾನ್ರನ್ನೂ ಕರ್ಕೊಂಡ್ ಬನ್ನಿ.”

“ಅವ್ರ್ಯಾಕವ್ವ? ನೋವು ನಂದಲ್ವಾ?”

“ಸಂಸಾರ ಇಬ್ರದೂ ಅಲ್ವೇನಮ್ಮ?”

ಅಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಮೀಸೆ, ಅಪರಾಧಿಯ ಮುಖ. ಎಲ್ಲವನ್ನೂ ಕೇಳಿಸಿಕೊಂಡು ಅವನು ಡಾಕ್ಟರಮ್ಮನನ್ನು ಕೇಳಿದ್ದು ಒಂದೇ ಮಾತಂತೆ: “ಅಂಗಾರೆ ಇವ್ಳಿಗೆ ನಾನು ಬ್ಯಾಡ ಅಂತೇನಲ್ಲ, ಅಲ್ವಾ?” ಬಾಯಿ ವಾಸನೆಯೋ, ನೆರೆತ ಕೂದಲೋ, ಯಾವುದಕ್ಕೆ ಹೆಂಡತಿ ಹೇಸುತ್ತಾಳೆ ಎಂದು ತಿಳಿಯದೆ ಅವನು ಒಂದೊಂದನ್ನೇ ರಿಪೇರಿ ಮಾಡಿಸುತ್ತಾ ಬಂದಿದ್ದ. ಅವಳು ಇಲ್ಲದ ಸೊಂಟನೋವಿಗೆ ಮದ್ದು ಮಾಡಿದಳು, ಇವನು ತಪ್ಪಿಲ್ಲದ ಮೀಸೆಗೆ. ಇಬ್ಬರ ನಡುವೆ ವಿಜ್ಞಾನದ ಮೇಡಂ ಎಕ್ಸ್‌ರೇ ಹಿಡಿದುಕೊಂಡು ಓಡಾಡುತ್ತಿದ್ದಳು.

ಹೊರಗೆ ಬಂದ ಮೇಲೆ ಅತ್ತಿಗೆ ಅವನ ಮುಖ ನೋಡಿ, “ಥೂ, ಇದ್ಕಾ ಅಲ್ಲು ಕಟ್ಟಿಸ್ಕಂಡಿದ್ದು?” ಎಂದಳು. ಬಯ್ಯುತ್ತಾ ಬಯ್ಯುತ್ತಾ ಅತ್ತುಬಿಟ್ಟಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಉರಿ ಬೇಗ ಹೋಯಿತು, ನೋವು ಇಳಿಯಲು ಎರಡು ಮೂರು ತಿಂಗಳಾಯಿತು. ಮಂಚ ಒಳಕ್ಕೆ ಬಂತು. “ಒಂದಿನ ಆಯ್ತದೆ, ಒಂದಿನ ಆಗಕಿಲ್ಲ. ಆಗದಿದ್ರೆ ಮಾತಾಡ್ಕಂಡು ಮನಿಕತೀವಿ” ಎಂದು ಅತ್ತಿಗೆಯೇ ವರದಿ ಒಪ್ಪಿಸಿದಳು. ಆಮೇಲೆ ಊರಿನಲ್ಲಿ ತಲೆನೋವು, ಬೆನ್ನುನೋವು ಎಂದು ಮಲಗುವ ಹೆಂಗಸರನ್ನೆಲ್ಲ ಅನುಮಾನದಿಂದ ನೋಡತೊಡಗಿದಳು. ಇಬ್ಬರಿಗೆ ನಿಜವಾಗಿ ಬೆನ್ನೇ ನೋಯುತ್ತಿತ್ತಂತೆ. ಮೂವರನ್ನು ಮಂಡ್ಯಕ್ಕೆ ತಾನೇ ಕರೆದುಕೊಂಡು ಹೋಗಿ ಬಂದಳು.

ನಿನ್ನೆ ಸಂಜೆ ಫೋನು ಮಾಡಿ ಬಸ್ಸಿನ ಹೆಂಗಸಿನ ಕಥೆ ಹೇಳಿದೆ. ಅತ್ತಿಗೆ ನಗಲಿಲ್ಲ.

“ಅದಿರ್ಲಿ, ನಿಂದೆಂಗದೆ?”

“ನಂದೇನು, ಚೆನ್ನಾಗಿದ್ದೀನಿ.”

“ನಿಜ ಏಳು. ನಿಂಗೂ ಮುಟ್ಟು ನಿಂತು ವರ್ಸದ ಮೇಲಾಯ್ತಲ್ಲ.”

ಪಾತ್ರೆಯ ಸದ್ದು ಮಾಡಿ ನೋಡಿದೆ. ಅತ್ತಿಗೆ ಫೋನು ಇಡಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು, ಒಂದು ವರ್ಷದಿಂದ ನುಂಗಿಕೊಂಡಿದ್ದನ್ನು ಪಿಸುಮಾತಿನಲ್ಲಿ ಹೇಳತೊಡಗಿದೆ.

“ಜೋರಾಗಿ ಏಳವ್ವ, ಕೇಳಕಿಲ್ಲ!”

ಜೋರಾಗಿ ಹೇಳಿದೆ. ನಡುಮನೆಯಲ್ಲಿ ನಮ್ಮ ಯಜಮಾನರು ಟೀವಿಯ ಸದ್ದು ತಗ್ಗಿಸಿದ್ದು ಕೇಳಿಸಿತು. ನಾನು ಮಾತು ನಿಲ್ಲಿಸಲಿಲ್ಲ.