ಮಿನ್ನಲ್ ಕಿವಿಯ ದೃಷ್ಟಿಬೊಟ್ಟು

ಉರಿಗಾಂನ ಗಣಿ ಬಂಗಲೆಯೊಂದರ ಹಿತ್ತಲು. ಬೆಳಗಿನ ಪಾಳಿಯ ಸೈರನ್ ಕೂಗು ಈಗಷ್ಟೇ ನಿಂತಿದೆ. ನಾಯಿಮನೆಯ ಮೆಟ್ಟಿಲ ಮೇಲೆ ಕುಳಿತು ಕದಿರಮ್ಮ ಹಚ್ಚೆಗೆಂದು ದೀಪದ ಮಸಿಗೆ ಸೊಪ್ಪಿನ ರಸ ಬೆರೆಸುತ್ತಿದ್ದಾರೆ. ಎದುರಿಗೆ, ನಾಯಿಗಳನ್ನು ನೋಡಿಕೊಳ್ಳುವ ಪೆರುಮಾಳ್ ಓಟದ ಗ್ರೇಹೌಂಡ್ ಜಾತಿಯ ಮರಿಯೊಂದನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಾರೆ. ಅದರ ಕಿವಿ ಎಳೆ ವೀಳ್ಯದೆಲೆಯಷ್ಟು ತೆಳುವು.

"ಏನ್ ಪಾಟಿ, ಕೈ ನಡುಗ್ತಾ ಇದೆ? ಮರಿ ಕಚ್ಚಿದ್ರೆ ನನ್ನನ್ನ ತಾನೇ ಕಚ್ಚೋದು," ಎಂದು ಪೆರುಮಾಳ್ ಅಜ್ಜಿಯನ್ನು ಕೆಣಕುತ್ತಾರೆ.

"ಸುಮ್ಕೆ ಇಡ್ಕೊಳ್ಲಾ. ಇಲ್ಲಾಂದ್ರೆ ನಿನ್ ಕಿವಿಗೇ ಚುಚ್ಚಿಬುಡ್ತೀನಿ. ಆಮ್ಯಾಲೆ ನಿನ್ನೂ ಓಟಕ್ಕೆ ಬುಡ್ತಾರೆ!"

ಕದಿರಮ್ಮ ಬೌರಿಂಗ್‌ಪೇಟೆ ಪಕ್ಕದ ಹಳ್ಳಿಯವರು. ಹೆಂಗಸರ ಕೈಗೆ ಹಚ್ಚೆ ಹಾಕುವುದು ತಾಯಿಯಿಂದ ಬಂದ ಕಸುಬು. ಗಂಡ ಗಣಿಯ ಧೂಳಿನಿಂದ ಎದೆ ಕೆಟ್ಟು ತೀರಿಕೊಂಡರು. "ಈಗಿನ ಉಡುಗೀರು ಬಳೆ ಸಾಕು, ಹಚ್ಚೆ ಬ್ಯಾಡ ಅಂತಾರೆ. ಕೊನೇಗೆ ನಾಯಿಗೋಳೇ ನಂಗೆ ಅನ್ನ ಕೊಟ್ವು," ಎನ್ನುತ್ತಾರೆ. ಇಂಗ್ಲೆಂಡಿನಿಂದ ತರಿಸಿದ, ನಾಯಿಗಳ ಕಿವಿಗೆ ಅಚ್ಚೊತ್ತುವ ಇಕ್ಕಳ ತುಕ್ಕು ಹಿಡಿದಾಗ ಇವರನ್ನು ಹುಡುಕಿ ಕರೆತಂದವರು ಪೆರುಮಾಳ್. ಅಕ್ಷರ ಬಾರದ ಕದಿರಮ್ಮ, ನಾಯಿಗಳ ಒಡೆಯರಾದ ಬಂಗಲೆಯ ಸಾಹೇಬರು ಬರೆದು ತೋರಿಸಿದ್ದನ್ನು ರಂಗೋಲಿಯಂತೆ ನೋಡಿಕೊಂಡು ಚುಚ್ಚುತ್ತಾರೆ.

ಓಟದ ನಾಯಿಗಳ ಕಟ್ಟುಪಾಡೆಲ್ಲ ನನಗೆ ತಿಳಿದಿದೆ ಎನ್ನಲಾರೆ. ಪೆರುಮಾಳ್ ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು. ತಂದೆ ತಾಯಿ ಎರಡೂ ನಾಯಿ ಓಟದ ಕ್ಲಬ್ಬಿನಲ್ಲಿ ದಾಖಲಾಗಿರಬೇಕು. ಮರಿ ಹುಟ್ಟಿದ್ದನ್ನು ತಡಮಾಡದೆ ತಿಳಿಸಬೇಕು. ತಾಯಿಯಿಂದ ಅಗಲಿಸುವ ಮೊದಲೇ ಕಿವಿಯಲ್ಲಿ ಗುರುತು ಬೀಳಬೇಕು. ಓಟದ ದಿನ ಆ ಗುರುತಿನಲ್ಲಿ ಏನಾದರೂ ಹೆಚ್ಚು ಕಡಿಮೆ ಕಂಡರೆ, ತಿದ್ದಿದ ಗುರುತೆಂದು ನಾಯಿಯ ಹೆಸರನ್ನೇ ಹೊಡೆದುಹಾಕುತ್ತಾರೆ. ಆಮೇಲೆ ಅದು ಮೈದಾನಕ್ಕೆ ಕಾಲಿಡುವಂತಿಲ್ಲ. ಅದರ ಮರಿಗಳನ್ನೂ ದಾಖಲು ಮಾಡಿಕೊಳ್ಳುವುದಿಲ್ಲ.

ಮಿನ್ನಲ್‌ಗೆ ಆದದ್ದೂ ಅದೇ. ಮಿನ್ನಲ್ ಎಂದರೆ ಪೆರುಮಾಳ್ ಅವರ ತಮಿಳಿನಲ್ಲಿ ಮಿಂಚು. ಇದೇ ತಾಯಿಯ ಹಿಂದಿನ ಸೂಲಿನ ಹೆಣ್ಣುಮರಿ ಅದು.

"ಯಾವ ಮಗೀಗೆ ಹಚ್ಚೆ ಆಕಿದ್ರೂ ಕೊನೇಗೆ ಒಂದು ದಿಷ್ಟಿಬೊಟ್ಟು ಇಕ್ಕೋದು ನಮ್ಮ ಪದ್ಧತಿ. ಆ ಮರಿ ಎಲ್ಲಕ್ಕಿಂತ ಚೆಂದಾಗಿತ್ತು ಸೋಮಿ. ಯಾರ ಕಣ್ಣಾದ್ರೂ ಬಿದ್ದಾತು ಅಂತ ಅಕ್ಷರದ ಕೆಳ್ಗೆ ಒಂದು ಚುಕ್ಕೆ ಇಕ್ಕಿಬುಟ್ಟೆ," ಎಂದು ಕದಿರಮ್ಮ ತಲೆ ತಗ್ಗಿಸುತ್ತಾರೆ.

ಸಾಹೇಬರು ಅದನ್ನು ಗಮನಿಸಲಿಲ್ಲ. ಮೊದಲ ಓಟದ ದಿನ ಕ್ಲಬ್ಬಿನ ದೊರೆ ಕಿವಿ ಮಗುಚಿ ನೋಡಿದರು. ಮಿನ್ನಲ್ ಓಡದೆಯೇ ಮನೆಗೆ ಬಂತು.

"ಆ ಬೊಟ್ಟು ನಂದೇ, ಅವತ್ತೇ ಇಕ್ಕಿದ್ದು ಅಂತ ದೊರೆ ಕಾಲಿಗೆ ಬಿದ್ದೆ. ಯಾರು ಇಕ್ಕಿದ್ರು ಅಂತ ರೂಲು ಕೇಳಾಕಿಲ್ಲ ಅಂದ್ರು. ಈ ಪೆರುಮಾಳು ಅಳಿಸಾಕು ಅಂತಾನೆ. ಅಳಿಸೋಂಗಿದ್ರೆ ಅದು ಹಚ್ಚೆ ಎಂಗಾಯ್ತದೆ?"

ಪೆರುಮಾಳ್ ಈಗ ನಗುವುದಿಲ್ಲ. ಇನ್ನೊಮ್ಮೆ ಹೀಗಾದರೆ ಅವರ ಕೆಲಸವೂ ಹೋಗುತ್ತದೆ. ಮರಿಯ ಕಿವಿಯಲ್ಲಿ ಕಡೆಯ ಅಕ್ಷರ ಮುಗಿಯುತ್ತದೆ. ಕದಿರಮ್ಮನ ಸೂಜಿ ಅಭ್ಯಾಸಬಲದಿಂದ ಮತ್ತೆ ಕಿವಿಯತ್ತ ಬಾಗುತ್ತದೆ.

"ಪಾಟೀ!"

ಸೂಜಿ ಗಾಳಿಯಲ್ಲೇ ನಿಲ್ಲುತ್ತದೆ. ಅವರು ಅದನ್ನು ನೀರಿನ ಬಟ್ಟಲಿಗೆ ಹಾಕಿ, ಬೊಟ್ಟಿಲ್ಲದ ಮರಿಯನ್ನು ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ.

ಹಿತ್ತಲ ಹೊಂಗೆಮರಕ್ಕೆ ಮಿನ್ನಲ್ ಅನ್ನು ಕಟ್ಟಿದ್ದಾರೆ. ಕದಿರಮ್ಮ ಹತ್ತಿರ ಹೋದರೆ ಸರಪಳಿ ಬಿಗಿಯುವವರೆಗೂ ಮುಂದೆ ಬಂದು ಅವರ ಕೈ ನೆಕ್ಕುತ್ತದೆ. ಮರಿಯಾಗಿದ್ದಾಗ ಇದೇ ಹಿತ್ತಲಲ್ಲಿ ಬಿಟ್ಟರೆ ಓಟದ ವೇಗಕ್ಕೆ ಕಣ್ಣಿಗೇ ಸಿಗುತ್ತಿರಲಿಲ್ಲ ಎಂದು ಪೆರುಮಾಳ್ ಮೆಲ್ಲಗೆ ಹೇಳುತ್ತಾರೆ.

ಕ್ಲಬ್ಬಿನವರನ್ನು ಇನ್ನೊಮ್ಮೆ ಕೇಳುವುದಾದರೆ ಏನು ಕೇಳುತ್ತೀರಿ ಎಂದು ಕದಿರಮ್ಮನನ್ನು ವಿಚಾರಿಸುತ್ತೇನೆ. ಕೇಳಬಾರದಿತ್ತೇನೋ. ಅವರು ನಾಯಿಯ ಬೆನ್ನು ಸವರುತ್ತಾರೆ.

"ಗೆಲ್ಲೋದು ಬ್ಯಾಡ ಸೋಮಿ. ಓಟ ಎಲ್ಲ ಮುಗ್ದು, ಜನ ಒಂಟೋದ್ ಮ್ಯಾಲೆ, ಆ ಬಯಲಾಗೆ ಇದನ್ನ ಒಂದು ಸಲ ಬುಡ್ಲಿ. ಇದು ಓಡೋದನ್ನ ನಾನು ಇನ್ನೂ ಕಂಡಿಲ್ಲ."