ಹಿರೀಸಾವೆಯ ಹೋಟೆಲಿನಲ್ಲಿ ವಿಚಾರಿಸಿದ್ದು

ಪುಕ್ಕಟೆ ಅಂದರೆ ನನಗೆ ಮೊದಲಿಂದಲೂ ಅನುಮಾನ. ಇಂಟರ್ನೆಟ್ಟಿನಲ್ಲಿ ಸರಿಯಾದ ಮಾಹಿತಿ ಹುಡುಕುವುದು ಹೇಗೆಂದು ಯಾರೋ ಒಬ್ಬಳು ವಿಡಿಯೊ ಮಾಡಿ ಬಿಟ್ಟಿ ಹೇಳಿಕೊಡುತ್ತಾಳೆ ಅಂದರೆ ಅವಳಿಗೇನು ಲಾಭ? ಈಗ ಒಟಿಪಿ ಕೇಳುತ್ತಾಳೆ, ಆಗ ಕೇಳುತ್ತಾಳೆ ಎಂದು ಕಾಯುತ್ತಲೇ ಪಾಠ ಕೇಳಿದೆ. ಕೊನೆವರೆಗೂ ಕೇಳಲಿಲ್ಲ. ಅದಕ್ಕೇ ಅನುಮಾನ ಇನ್ನೂ ಜಾಸ್ತಿಯಾಯಿತು.

ಆದರೂ ಕಲಿಯದೆ ವಿಧಿಯಿರಲಿಲ್ಲ. ಅವ್ವ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಳು. ಮೊಬೈಲಿನಲ್ಲಿ ಯಾವನೋ ಬಿಳಿ ಕೋಟಿನವನು ಕಷಾಯದ ಪುಡಿ ತೋರಿಸಿ, ಮಾತ್ರೆಯೆಲ್ಲ ವಿಷ ಅಂದಿದ್ದನಂತೆ. ಇತ್ತ ಅವಳ ಕಾಲಿನ ಗಾಯ ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಹಾಸನದ ಡಾಕ್ಟರು ನನಗೇ ಗದರಿದ್ದರು. ಗಂಡನನ್ನು ಬಿಟ್ಟು ಅರಕಲಗೂಡಿನ ಈ ಮನೆಗೆ ವಾಪಸ್ಸು ಬಂದವಳಿಗೆ ಇರುವುದು ಇವಳೊಬ್ಬಳೇ.

ಪಾಠದವಳು ಹೇಳಿದ್ದು ಇಷ್ಟೇ: ಯಾರ ಯೋಗ್ಯತೆಯನ್ನೂ ಅವರದೇ ಪುಟದಲ್ಲಿ ಹುಡುಕಬೇಡಿ, ಹೊರಗೆ ಬಂದು ಬೇರೆಯವರು ಏನಂತಾರೆ ನೋಡಿ. ನೋಡಿದೆ. ಬಿಳಿ ಕೋಟಿನವನು ಡಾಕ್ಟರೇ ಅಲ್ಲ, ಪುಡಿ ಮಾರುವ ಅಂಗಡಿಯವನು.

ಅವ್ವನಿಗೆ ಹೇಳಿದೆ. ಅವಳು ತಲೆಯೆತ್ತಲಿಲ್ಲ. "ನಾನ್ ನೋಡಿದ್ದೂ ಮೊಬೈಲು, ನೀನ್ ನೋಡಿದ್ದೂ ಮೊಬೈಲು. ನಿಂದೇನ್ ಎಚ್ಚು?"

ನನಗೆ ರೇಗಿಹೋಯಿತು. ನಮ್ಮ ಕಡೆ ಗಂಡಿನ ಗುಣ ತಿಳಿಯಲು ಗಂಡಿನ ಮನೆಯಲ್ಲಿ ಕೇಳುವವರುಂಟೇ? "ನಂಗೆ ಗಂಡು ಹುಡುಕ್ದಾಗ ನುಗ್ಗೇಹಳ್ಳಿಗೋಗಿ ಅವ್ರನ್ನೇ ಕೇಳಿದ್ಯಾ? ಅವ್ರೂರಿನ್ ಹತ್ರ ಹಿರೀಸಾವೇಲಿ ಬಸ್ಸಿಳಿದು, ಹೋಟ್ಲಲ್ಲಿ ಕಾಫಿ ಕುಡೀತಾ, ಏನೂ ಗೊತ್ತಿಲ್ದೋಳಂಗೆ ವಿಚಾರಿಸ್ಲಿಲ್ವಾ? ನಾನ್ ಮಾಡಿದ್ದೂ ಅದೇ ಕಣವ್ವಾ!"

ಅವ್ವ ಕಾಲಿನ ಗಾಯದ ಮೇಲಿನ ಬಟ್ಟೆ ಸರಿಮಾಡಿಕೊಂಡಳು.

"ಚಿನ್ನದಂತಾ ಉಡುಗ, ಕಣ್ಮುಚ್ಕೊಂಡು ಕೊಡಿ ಅಂದಿದ್ದ ಆ ಓಟ್ಲವ್ನು," ಅಂದಳು. "ನಿನ್ ಮದ್ವೇಲಿ ಊಟಕ್ ಕೂತಾಗ ನೋಡ್ತೀನಿ, ಗಂಡಿನ ಕಡೆಯಿಂದ ಅವ್ನೇ ಪಾಯ್ಸ ಬಡಿಸ್ತಾವ್ನೆ. ಉಡುಗನ್ ಸ್ವಾದರ್ಮಾವ ಅಂತೆ ಕಣವ್ವ. ಅಷ್ಟೊತ್ಗೆ ಧಾರೆ ಆಗೋಗಿತ್ತು. ಯಾರ್ಗೂ ಏಳ್ನಿಲ್ಲ."

ಇಷ್ಟು ವರ್ಷ ಇದನ್ನು ಒಬ್ಬಳೇ ನುಂಗಿಕೊಂಡಿದ್ದಳೇ! ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ತೋರಿಸಲಿಲ್ಲ.

"ಈಗ ನೀನ್ ವಿಚಾರಿಸ್ದಲ್ಲ, ಅವ್ರು ಯಾರ್ ಕಡೆಯೋರು? ಅದ್ನ ಮೊದ್ಲು ಏಳು."

ಒಬ್ಬೊಬ್ಬರನ್ನೂ ತೋರಿಸಿದೆ. ಸರ್ಕಾರಿ ಆಸ್ಪತ್ರೆಯ ಪುಟ, ಅವನ ಹೆಸರೇ ಇಲ್ಲದ ವೈದ್ಯರ ಪಟ್ಟಿ, ಪುಡಿ ಕುಡಿದು ಆರೋಗ್ಯ ಕೆಡಿಸಿಕೊಂಡವಳೊಬ್ಬಳ ಮಾತು. ಪ್ರತಿಯೊಂದಕ್ಕೂ ಅದೇ ಪ್ರಶ್ನೆ: ಇವ್ರು ಯಾರ್ ಕಡೆಯೋರು? ನನ್ನ ಪಾಠದವಳಿಗೂ ಇಷ್ಟು ಅನುಮಾನವಿದ್ದಂತಿರಲಿಲ್ಲ.

"ಯಾರೂ ಅವನ್ ಕಡೆಯೋರಲ್ಲ ಅಂತ ನನ್ ತಲೆ ಮೇಲೆ ಕೈಯಿಟ್ಟು ಏಳು."

ಇಟ್ಟೆ. ಅವ್ವ ಮಾತ್ರೆ ತರಿಸಿಕೊಂಡು ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು. ನಾನು ಅವಳ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದೆ.